ಸೆಂಟರ್ ಸ್ಟ್ಯಾಂಡ್ ಇಲ್ಲದ ಬೈಕಿನ ಮುಂದಿನ ಚಕ್ರವನ್ನು ಮನೆಯಲ್ಲೇ ಬಿಚ್ಚುವುದು ಹೇಗೆ?

ಪ್ರಶ್ನೆ: ನನ್ನದು 150 ಸಿಸಿ ಬೈಕ್. ಸೆಂಟರ್ ಸ್ಟ್ಯಾಂಡ್ ಇಲ್ಲ, ಸೈಡ್ ಸ್ಟ್ಯಾಂಡ್ ಮಾತ್ರ. ಮುಂದಿನ ಚಕ್ರದ ಬೇರಿಂಗ್ ಗರಗರ ಎನ್ನುತ್ತಿದೆ, ಟೈರೂ ಸವೆದಿದೆ. ಚಕ್ರವನ್ನು ನಾನೇ ಬಿಚ್ಚಿ ಒಯ್ದು ಎರಡನ್ನೂ ಹಾಕಿಸಿಕೊಂಡು ಬರಬೇಕೆಂದಿದ್ದೇನೆ. ಕಾರಿನ ಕತ್ತರಿ ಜಾಕನ್ನು ಎಂಜಿನ್ ಕೆಳಗೆ ಕೊಟ್ಟು ಎತ್ತಿದೆ. ಚಕ್ರ ನೆಲ ಬಿಟ್ಟಿತು. ಆದರೆ ಆಕ್ಸಲ್ (ಚಕ್ರದ ನಡುವೆ ಹಾಯ್ದ ಅಚ್ಚು) ನಟ್‌ಗೆ ಸ್ಪ್ಯಾನರ್ ಹಾಕಿ ಎಳೆದ ಕೂಡಲೇ ಬೈಕ್ ವಾಲಿತು, ಹೇಗೋ ಹಿಡಿದುಕೊಂಡೆ. ಜಾಕ್ ಇಡಲು ಸರಿಯಾದ ಜಾಗ ಯಾವುದು? ಮೇಲಿನ ತೊಲೆಗೆ ಕಟ್ಟಿ ಎತ್ತಬಹುದೇ? ಅಥವಾ ಮುಂದಿನ ಸ್ಟ್ಯಾಂಡ್ ಕೊಳ್ಳುವುದೇ ವಾಸಿಯೇ?

ಉತ್ತರ: ಜಾಕ್ ಇಟ್ಟ ಜಾಗ ಸರಿಯಿತ್ತೋ ಇಲ್ಲವೋ, ಅದು ಆಮೇಲಿನ ಮಾತು. ಬೈಕ್ ವಾಲಿದ್ದಕ್ಕೆ ಬೇರೆ ಎರಡು ಕಾರಣಗಳಿವೆ. ಒಂದು, ಬಿಗಿಯಾಗಿದ್ದ ನಟ್ಟನ್ನು ಚಕ್ರ ಗಾಳಿಯಲ್ಲಿದ್ದಾಗ ಸಡಿಲಿಸಲು ಹೋದದ್ದು. ಇನ್ನೊಂದು, ಆ ಹೊತ್ತಿನಲ್ಲಿ ಬೈಕ್ ನಿಂತಿದ್ದದ್ದು ಎರಡೇ ಆಸರೆಗಳ ಮೇಲೆ: ಹಿಂದಿನ ಟೈರು ಮತ್ತು ಜಾಕಿನ ತಲೆ. ಎರಡು ಕಾಲಿನ ಮಣೆ ನಿಲ್ಲುವುದಿಲ್ಲ.

ನಟ್ಟಿನ ವಿಷಯ ಮೊದಲು ಮುಗಿಸೋಣ, ಏಕೆಂದರೆ ಪರಿಹಾರ ಸುಲಭ. ನಿಮ್ಮ ಅಳತೆಯ ಬೈಕುಗಳಲ್ಲಿ ಮುಂದಿನ ಆಕ್ಸಲ್ ನಟ್ಟನ್ನು ಸಾಮಾನ್ಯವಾಗಿ 45ರಿಂದ 60 ನ್ಯೂಟನ್ ಮೀಟರ್‌ಗೆ ಬಿಗಿಯುತ್ತಾರೆ. ಕಾಲು ಮೀಟರ್ ಉದ್ದದ ಸ್ಪ್ಯಾನರಿನಲ್ಲಿ 50 ನ್ಯೂಟನ್ ಮೀಟರ್ ಎಂದರೆ ತುದಿಯಲ್ಲಿ ಸುಮಾರು 20 ಕೆಜಿಯ ಎಳೆತ. ತುಕ್ಕು ಹಿಡಿದು ಕಚ್ಚಿದ್ದರೆ ಇದರ ಒಂದೂವರೆ ಪಟ್ಟು, ಎರಡು ಪಟ್ಟು ಬೇಕಾಗುತ್ತದೆ. ಅಷ್ಟು ಬಲವನ್ನು ಜಾಕಿನ ಮೇಲೆ ಕುಳಿತ ಬೈಕಿಗೆ ಕೊಟ್ಟರೆ ನಟ್ಟಿಗಿಂತ ಮೊದಲು ಬೈಕೇ ಅಲುಗುತ್ತದೆ. ಆದ್ದರಿಂದ ಎರಡೂ ಟೈರು ನೆಲದ ಮೇಲಿದ್ದು, ಬೈಕ್ ಸೈಡ್ ಸ್ಟ್ಯಾಂಡಿನಲ್ಲಿ ನಿಂತಿರುವಾಗಲೇ ಬಿಗಿ ಮುರಿಯಬೇಕು. ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಫೋರ್ಕ್ ಕಾಲಿನ ಕೆಳತುದಿಯಲ್ಲಿ ಆಕ್ಸಲನ್ನು ಕಚ್ಚಿ ಹಿಡಿಯುವ ಪಿಂಚ್ ಬೋಲ್ಟ್ ಇದ್ದರೆ ಮೊದಲು ಅದು, ಆಮೇಲೆ ಆಕ್ಸಲ್ ನಟ್, ಕೊನೆಗೆ ಡಿಸ್ಕ್ ಬ್ರೇಕಿನ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಎರಡು ಬೋಲ್ಟ್. ಪ್ರತಿಯೊಂದನ್ನೂ ಕಾಲು ಸುತ್ತು ಮಾತ್ರ ಸಡಿಲಿಸಿ, ಮತ್ತೆ ಬೆರಳಿನಿಂದ ತಿರುವಿ ಕೂರಿಸಿ. ನಟ್ ಕಚ್ಚಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡಿ, ಎಣ್ಣೆಯ ಹನಿ ಡಿಸ್ಕಿಗೆ ಹಾರದಂತೆ ಬಟ್ಟೆ ಮುಚ್ಚಿ. ತೆರೆದ ಬಾಯಿಯ ಸ್ಪ್ಯಾನರ್ ಬೇಡ. ರಿಂಗ್ ಅಥವಾ ಸಾಕೆಟ್ ಬಳಸಿ. ಇನ್ನೊಂದು ಬದಿಯಲ್ಲಿ ಆಕ್ಸಲಿನ ತಲೆ ತಾನೂ ತಿರುಗಿದರೆ ಅದನ್ನೂ ಒಂದು ಸ್ಪ್ಯಾನರಿನಲ್ಲಿ ತಡೆದು ಹಿಡಿಯಬೇಕಾಗುತ್ತದೆ.

ಇನ್ನು ನಿಜವಾದ ಪ್ರಶ್ನೆ: ಚಕ್ರ ಹೋದ ಮೇಲೆ ಬೈಕ್ ಯಾವುದರ ಮೇಲೆ ನಿಂತಿರುತ್ತದೆ?

ಒಂದು ಲೆಕ್ಕ ನೋಡಿ. ಬೈಕಿನ ತೂಕ 145 ಕೆಜಿ, ಎರಡು ಚಕ್ರಗಳ ನಡುವಿನ ಅಂತರ 1350 ಮಿ.ಮೀ., ಮುಂದಿನ ಚಕ್ರದ ಮೇಲೆ 70 ಕೆಜಿ ಎಂದಿಟ್ಟುಕೊಳ್ಳೋಣ. ಆಗ ತೂಕದ ಕೇಂದ್ರ ಹಿಂದಿನ ಆಕ್ಸಲಿನಿಂದ ಸುಮಾರು 650 ಮಿ.ಮೀ. ಮುಂದೆ, ಅಂದರೆ ಹೆಚ್ಚುಕಡಿಮೆ ಎಂಜಿನ್ನಿನ ಹಿಂಭಾಗದ ಮೇಲೆ ಬರುತ್ತದೆ. ಎಂಜಿನ್ನಿನ ಮುಂಭಾಗದ ಕೆಳಗೆ, ಹಿಂದಿನ ಆಕ್ಸಲಿನಿಂದ 850 ಮಿ.ಮೀ. ದೂರದಲ್ಲಿ ಜಾಕ್ ಕೊಟ್ಟರೆ ಅದರ ಮೇಲೆ ಬೀಳುವುದು 70 ಕೆಜಿಯಲ್ಲ, ಸುಮಾರು 110 ಕೆಜಿ. ಇದು ಕಾರಿನ ಜಾಕಿಗೆ ಏನೂ ಅಲ್ಲ. ತೊಂದರೆ ಇರುವುದು ಅಗಲದಲ್ಲಿ. ಕತ್ತರಿ ಜಾಕಿನ ತಲೆ 70 ಮಿ.ಮೀ. ಅಗಲವಿದೆ ಎಂದುಕೊಂಡರೆ, ಹಿಂದಿನ ಟೈರಿನ ಒಂದು ಬಿಂದುವಿನಿಂದ ಆ ತಲೆಯವರೆಗೆ ಎಳೆದ ಸಪೂರ ತ್ರಿಕೋನವೇ ಬೈಕಿನ ಬುಡ. ತೂಕದ ಕೇಂದ್ರ ಇರುವ ಕಡೆ ಆ ತ್ರಿಕೋನದ ಅಗಲ 54 ಮಿ.ಮೀ. ಮಾತ್ರ, ಮಧ್ಯದಿಂದ ಆಚೆಗೆ 27, ಈಚೆಗೆ 27. ಕೇಂದ್ರದ ಎತ್ತರ 550 ಮಿ.ಮೀ. ಆದರೆ ಬೈಕ್ 3 ಡಿಗ್ರಿ ವಾಲುವಷ್ಟರಲ್ಲಿ ಬೀಳುತ್ತದೆ. ಹ್ಯಾಂಡಲ್ ತಾನಾಗಿ ಒಂದು ಬದಿಗೆ ಹೊರಳಿದರೂ ಸಾಕು.

ಇದೇ ಬೈಕನ್ನು ಎಂಜಿನ್ ಅಥವಾ ಫ್ರೇಮಿನ ಎರಡೂ ಅಂಚುಗಳಲ್ಲಿ, 250 ಮಿ.ಮೀ. ಅಂತರದ ಎರಡು ಆಸರೆಗಳ ಮೇಲೆ ಕೂರಿಸಿದರೆ ಬೀಳುವ ಕೋನ 10 ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ. ಹಿಂದೆ ಅಗಲ ಕಾಲಿನ ಪ್ಯಾಡಾಕ್ ಸ್ಟ್ಯಾಂಡ್ (ಹಿಂದಿನ ಚಕ್ರವನ್ನು ಎತ್ತಿ ಹಿಡಿಯುವ ಕಬ್ಬಿಣದ ಚೌಕಟ್ಟು) ಕೊಟ್ಟು ಮುಂದೆ ಬರೀ ಜಾಕ್ ಇಟ್ಟರೂ 7 ಡಿಗ್ರಿ ಸಿಗುತ್ತದೆ. ನೀವು ಯಾವ ದಾರಿ ಹಿಡಿದರೂ ಈ ಅಗಲವನ್ನು ಎಲ್ಲಿಂದ ತರುತ್ತೀರಿ ಎಂಬುದನ್ನು ಮೊದಲು ನಿರ್ಧರಿಸಿ. ಜಾಕ್ ಎತ್ತಲು ಮಾತ್ರ. ಹೊರಲು ಬೇರೆಯದು ಬೇಕು.

ಜಾಕ್ ಮಾತ್ರ ಇದ್ದರೆ

ಬಗ್ಗಿ ಎಂಜಿನ್ನಿನ ತಳ ನೋಡಿ. ಫ್ರೇಮಿನ ಎರಡು ಕೊಳವೆಗಳು ಎಂಜಿನ್ನನ್ನು ತೊಟ್ಟಿಲಿನಂತೆ ಕೆಳಗಿನಿಂದ ಹಾಯ್ದು ಹೋಗಿದ್ದರೆ ನಿಮ್ಮ ಅದೃಷ್ಟ: ಆ ಎರಡು ಕೊಳವೆಗಳಿಗೆ ಅಡ್ಡಲಾಗಿ ಗಟ್ಟಿಮರದ ತುಂಡು ಕೊಟ್ಟು ಅದರ ಕೆಳಗೆ ಜಾಕ್ ಇಡಬಹುದು. ಫ್ರೇಮಿನ ಕೊಳವೆ ಎಂಜಿನ್ನಿನ ಮುಂದೆಯೇ ಮುಗಿದು, ಎಂಜಿನ್ನೇ ಫ್ರೇಮಿನ ಭಾಗವಾಗಿ ತೂಗುತ್ತಿದ್ದರೆ ಭಾರ ಬೀಳುವುದು ಅಲ್ಯೂಮಿನಿಯಂ ಚೇಂಬರಿನ, ಅಂದರೆ ಎಂಜಿನ್ನಿನ ಕೆಳಕವಚದ ಮೇಲೆ. ಅದು ಹರಡಿದ ಭಾರವನ್ನು ತಡೆಯುತ್ತದೆ, ಕಬ್ಬಿಣದ ಚೂಪು ಒತ್ತನ್ನು ತಡೆಯುವುದಿಲ್ಲ. 18 ಮಿ.ಮೀ. ಪ್ಲೈವುಡ್ ಅಥವಾ ಅದಕ್ಕಿಂತ ದಪ್ಪನೆಯ ಹಲಗೆ, ಅದರ ಮೇಲೆ ಒಂದು ಪದರ ರಬ್ಬರ್ ಇಟ್ಟು ಚೇಂಬರಿನ ಸಮತಟ್ಟಾದ ದಪ್ಪ ಭಾಗಕ್ಕೆ ಕೊಡಿ. ಗಾಳಿಯಿಂದ ತಣಿಯುವ ಎಂಜಿನ್ನುಗಳ ತಳದಲ್ಲಿ ತೆಳು ರೆಕ್ಕೆಗಳಿರಬಹುದು. ಅವುಗಳ ಮೇಲೆ ಭಾರ ಬಿದ್ದರೆ ಮುರಿಯುತ್ತವೆ. ರೆಕ್ಕೆ ಕೂರುವಷ್ಟು ಹಲಗೆಯಲ್ಲಿ ಕಚ್ಚು ತೆಗೆಯಿರಿ.

ಜಾಕ್ ಮುಟ್ಟಬಾರದ ಜಾಗಗಳು ಇವು: ಸೈಲೆನ್ಸರಿನ ಬೆಂಡ್ ಪೈಪ್, ಆಯಿಲ್ ಡ್ರೈನ್ ಬೋಲ್ಟ್, ಆಯಿಲ್ ಫಿಲ್ಟರಿನ ಮುಚ್ಚಳ, ಆಯಿಲ್ ಕೂಲರಿನ ಕೊಳವೆ, ರೇಡಿಯೇಟರ್, ಪ್ಲಾಸ್ಟಿಕ್ ಹೊಟ್ಟೆಕವಚ. ಬೆಂಡ್ ಪೈಪ್ ಎಂಜಿನ್ನಿನ ಕೆಳಗೇ ಹಾಯ್ದಿರುವ ಬೈಕುಗಳಲ್ಲಿ ಜಾಕಿಗೆ ಜಾಗವೇ ಇರುವುದಿಲ್ಲ. ಅಂಥದ್ದಾದರೆ ಈ ದಾರಿಯನ್ನೇ ಬಿಡಿ. ಪೈಪು ಗಟ್ಟಿಯಾಗಿ ಕಂಡರೂ ಅದರ ಭಾರವೆಲ್ಲ ಸಿಲಿಂಡರ್ ಹೆಡ್ಡಿನಲ್ಲಿರುವ ಎರಡು ಸಣ್ಣ ಸ್ಟಡ್‌ಗಳಿಗೆ ಹೋಗುತ್ತದೆ; ಅವು ಮುರಿದರೆ ಚಕ್ರದ ಕೆಲಸ ಹೆಡ್ಡಿನ ಕೆಲಸವಾಗುತ್ತದೆ. ಮುಂದಿನ ಕ್ರ್ಯಾಶ್ ಗಾರ್ಡ್ ಕೂಡ ಬೇಡ. ಅದನ್ನು ಮಾಡಿರುವುದು ಪಕ್ಕದಿಂದ ಬರುವ ಪೆಟ್ಟಿಗೆ. ಕೆಳಗಿನಿಂದ ತಳ್ಳಿದರೆ ಕ್ಲಾಂಪ್ ಜಾರುತ್ತದೆ.

ಜಾಕಿನ ಜಾತಿಯೂ ಮುಖ್ಯ. ಈ ಬೈಕುಗಳ ಹೊಟ್ಟೆ ನೆಲದಿಂದ 150ರಿಂದ 180 ಮಿ.ಮೀ. ಎತ್ತರದಲ್ಲಿರುತ್ತದೆ. ಬಾಟಲ್ ಜಾಕ್ ಮಡಚಿದಾಗಲೇ ಅಷ್ಟೋ ಅದಕ್ಕಿಂತ ಎತ್ತರವೋ ಇರುವುದರಿಂದ ಹಲಗೆ ಸಹಿತ ತೂರುವುದಿಲ್ಲ. ಕತ್ತರಿ ಜಾಕ್ ಸುಮಾರು 100 ಮಿ.ಮೀ.ಗೆ ಮಡಚಿಕೊಳ್ಳುತ್ತದೆ, ಸ್ಕ್ರೂ ಆದ್ದರಿಂದ ಇದ್ದಲ್ಲೇ ಇರುತ್ತದೆ. ಚಕ್ರವಿರುವ ಟ್ರಾಲಿ ಜಾಕಿನಲ್ಲಿ ಒಂದು ಮರ್ಮವಿದೆ: ಅದರ ತಲೆ ನೆಟ್ಟಗೆ ಏರುವುದಿಲ್ಲ, ಕಮಾನಿನಲ್ಲಿ ಏರುತ್ತದೆ. ಏರುತ್ತಾ ಏರುತ್ತಾ ಜಾಕ್ ಉರುಳಿ ಹೊಂದಿಕೊಳ್ಳಬೇಕು. ಒರಟು ನೆಲದಲ್ಲಿ ಜಾಕಿನ ಚಕ್ರ ಉರುಳದಿದ್ದರೆ ತಲೆ ಜಾರುತ್ತದೆ, ಇಲ್ಲವೇ ಬೈಕನ್ನೇ ಎಳೆಯುತ್ತದೆ. ಹೈಡ್ರಾಲಿಕ್ ಜಾಕ್ ಯಾವುದೇ ಆಗಲಿ, ಗಂಟೆಗಟ್ಟಲೆ ಬಿಟ್ಟರೆ ನಿಧಾನವಾಗಿ ಇಳಿಯಬಹುದು.

ಈಗ ಕ್ರಮ. ಸಮತಟ್ಟಾದ ಗಟ್ಟಿ ನೆಲ ಆರಿಸಿ. ಮಣ್ಣಿನ ನೆಲವಾದರೆ ಪ್ಲೈವುಡ್ ಹಾಸಿ, ನುಣುಪಾದ ಟೈಲ್ಸ್ ಆದರೆ ರಬ್ಬರ್ ಮ್ಯಾಟ್ ಹಾಸಿ. ಗೇರನ್ನು ಒಂದಕ್ಕೆ ಹಾಕಿ, ಹಿಂದಿನ ಟೈರಿನ ಹಿಂದೆ ಮುಂದೆ ಎರಡೂ ಕಡೆ ಮರದ ಆಪು ಕೊಡಿ. ಮುಂದಿನ ಬ್ರೇಕ್ ಲಿವರ್ ಕಟ್ಟಿಡುವ ಅಭ್ಯಾಸ ಇಲ್ಲಿ ನಿಷ್ಪ್ರಯೋಜಕ: ಚಕ್ರವೇ ಇಲ್ಲದ ಮೇಲೆ ಅದು ಹಿಡಿಯುವುದು ಏನನ್ನು? ಬೇಕಿದ್ದರೆ ಹಿಂದಿನ ಬ್ರೇಕ್ ಪೆಡಲನ್ನು ಕೆಳಕ್ಕೆ ಒತ್ತಿ ಕಟ್ಟಿ. ಪೆಟ್ರೋಲ್ ಟ್ಯಾಂಕ್ ತುಂಬಿದ್ದರೆ ಕೆಲಸವನ್ನು ಮುಂದಕ್ಕೆ ಹಾಕುವುದೇ ಲೇಸು. 10 ಲೀಟರ್ ಎಂದರೆ ಏಳೂವರೆ ಕೆಜಿಯಷ್ಟು ಭಾರ, ಅದೂ ಅತಿ ಎತ್ತರದಲ್ಲಿ.

ಜಾಕಿಗೆ ಕೈ ಹಾಕುವ ಮುಂಚೆ ಎರಡು ರಾಚೆಟ್ ಬೆಲ್ಟ್ (ಹಲ್ಲುಗಾಲಿಯ ಹಿಡಿಯಿಂದ ಬಿಗಿಯುವ ಪಟ್ಟಿ) ಕಟ್ಟಬೇಕು. ಸೀಟನ್ನು ಹೊತ್ತ ಹಿಂದಿನ ಸಬ್‌ಫ್ರೇಮಿನ ಎಡಬಲಗಳಿಂದ ಹೊರಟು ಎರಡೂ ಪಕ್ಕದ ಗೋಡೆಯ ಬಳೆಗೋ ಕಂಬಕ್ಕೋ ಓರೆಯಾಗಿ ಹೋಗುವಂತೆ ಕಟ್ಟಿ. ಕಟ್ಟಲು ಪಕ್ಕದಲ್ಲಿ ಏನೂ ಇಲ್ಲದಿದ್ದರೆ ಒಬ್ಬರು ಸೀಟಿನ ಬಳಿ ನಿಂತು ಹಿಡಿದಿರಲೇಬೇಕು. ಬರೀ ಜಾಕ್ ನಂಬಿ ಒಬ್ಬರೇ ಈ ಕೆಲಸಕ್ಕೆ ಇಳಿಯಬಾರದು. ಬೈಕನ್ನು ನೆಟ್ಟಗೆ ನಿಲ್ಲಿಸಿ ಬೆಲ್ಟುಗಳ ಸಡಿಲ ತೆಗೆಯಿರಿ, ತಂತಿಯಂತೆ ಬಿಗಿಯಬೇಡಿ. ಆಮೇಲೆ ಜಾಕ್ ಏರಿಸಿ. ಒಮ್ಮೆಗೆ ಅರ್ಧ ಇಂಚಿನಷ್ಟು ಏರಿಸಿ, ನಿಲ್ಲಿಸಿ, ಎದುರಿಗೆ ಬಂದು ಬೈಕ್ ನೆಟ್ಟಗಿದೆಯೇ ನೋಡಿ, ಮತ್ತೆ ಏರಿಸಿ.

ಎಷ್ಟು ಎತ್ತಬೇಕು ಎಂಬಲ್ಲಿ ಹಲವರು ಮೋಸಹೋಗುತ್ತಾರೆ. ಜಾಕ್ ಏರುತ್ತಿದೆ, ಚಕ್ರ ಮಾತ್ರ ನೆಲ ಬಿಡುವುದಿಲ್ಲ. ಕಾರಣ ಫೋರ್ಕ್. ಬೈಕಿನ ಸ್ವಂತ ಭಾರಕ್ಕೆ ಅದು 25ರಿಂದ 40 ಮಿ.ಮೀ.ವರೆಗೆ ತಗ್ಗಿ ಕುಳಿತಿರುತ್ತದೆ. ಭಾರ ಕಡಿಮೆಯಾದಂತೆ ಒಳಗಿನ ಸ್ಪ್ರಿಂಗ್ ಅದನ್ನು ಕೆಳಕ್ಕೆ ಚಾಚುತ್ತದೆ, ಟೈರ್ ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಫೋರ್ಕ್ ಪೂರ್ತಿ ಚಾಚಿದ ಮೇಲಷ್ಟೇ ಚಕ್ರ ಏಳುತ್ತದೆ. ಅಲ್ಲಿಂದ ಮುಂದೆ 25-30 ಮಿ.ಮೀ. ಸಾಕು. ಮಡ್‌ಗಾರ್ಡಿನ ಮುಂದಿನ ಅಂಚು ಟೈರಿನ ಮೇಲೆ ಕೆಳಕ್ಕೆ ಬಾಗಿದ್ದರೆ ಚಕ್ರ ಅದರಡಿ ನುಸುಳಲು ಇನ್ನೂ ಸ್ವಲ್ಪ ಬೇಕು. ಆದರೆ ಎತ್ತರ ಹೆಚ್ಚಿಸುವ ಬದಲು ಮಡ್‌ಗಾರ್ಡಿನ ನಾಲ್ಕು ಬೋಲ್ಟ್ ಬಿಚ್ಚುವುದೇ ಜಾಣತನ. ಒಂದು ಅನುಕೂಲವೂ ಇದೆ: ಮೇಲಿನ ಲೆಕ್ಕದ ಬೈಕಿನಲ್ಲಿ ಜಾಕ್ 10 ಮಿ.ಮೀ. ಏರಿದರೆ ಮುಂದಿನ ಆಕ್ಸಲ್ ಇರುವ ಕಡೆ 16 ಮಿ.ಮೀ. ಏರುತ್ತದೆ. ಹೀಗಾಗಿ 70 ಮಿ.ಮೀ. ಬೇಕಿದ್ದರೆ ಜಾಕಿನಲ್ಲಿ 45 ಮಿ.ಮೀ. ಸಾಕು.

ಚಕ್ರ ಬಿಡಿಯಾಗಿ ತಿರುಗತೊಡಗಿದ ಕೂಡಲೇ ಜಾಕಿನ ಎರಡೂ ಪಕ್ಕಕ್ಕೆ, ಫ್ರೇಮ್ ಅಥವಾ ಚೇಂಬರಿನ ಅಂಚುಗಳ ಕೆಳಗೆ, ಮರದ ತುಂಡುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ ಅಟ್ಟೆ ಕಟ್ಟಿ. ಜಾಕನ್ನು ಸ್ವಲ್ಪವೇ ಇಳಿಸಿ ಭಾರ ಅಟ್ಟೆಗಳ ಮೇಲೆ ಕೂರಲಿ. ಜಾಕ್ ಅಲ್ಲೇ ತಾಕಿಕೊಂಡಿರಲಿ, ತೆಗೆಯಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡವೇ ಬೇಡ. ಗೋಡೆಯಲ್ಲಿ ಅವು ಭಾರ ಹೊರುವುದು ಇಡೀ ಮೈಮೇಲೆ ಹರಡಿಕೊಂಡು. ಮೂಲೆಯೊಂದರ ಮೇಲೆ ಒತ್ತು ಬಿದ್ದರೆ ಮುನ್ಸೂಚನೆಯಿಲ್ಲದೆ ಸೀಳುತ್ತವೆ. ಮರ ಸೀಳುವ ಮುಂಚೆ ಕಿರುಗುಟ್ಟುತ್ತದೆ.

ಸೈಡ್ ಸ್ಟ್ಯಾಂಡ್ ಮೇಲೆ ಬೈಕನ್ನು ವಾಲಿಸಿಟ್ಟು, ಬಲಗಡೆಯಿಂದ ಫ್ರೇಮಿಗೆ ಜಾಕ್ ಕೊಟ್ಟು ಎತ್ತುವ ಉಪಾಯವನ್ನೂ ನೀವು ಕೇಳಿರಬಹುದು. ಅಲ್ಲಿ ಮೂರು ಆಸರೆ ಇರುವುದೇನೋ ನಿಜ. ಆದರೆ ಜಾಕ್ ಏರಿದಷ್ಟೂ ಬೈಕ್ ಎಡಕ್ಕೆ ಹೆಚ್ಚು ವಾಲುತ್ತಾ, ತೂಕದ ಕೇಂದ್ರ ಸ್ಟ್ಯಾಂಡ್ ಕಡೆಗೇ ಸರಿಯುತ್ತದೆ. ಮೇಲಾಗಿ ಬೈಕ್ ಒಂದಿಷ್ಟು ಮುಂದಕ್ಕೆ ಜರುಗಿದರೆ ಸ್ಟ್ಯಾಂಡ್ ಮಡಚಿಕೊಳ್ಳುತ್ತದೆ. ಚಕ್ರ ತಿರುಗಿಸಿ ಬೇರಿಂಗಿನ ಸದ್ದು ಕೇಳಲು ಎರಡು ನಿಮಿಷ ಹೀಗೆ ಎತ್ತಬಹುದು. ಚಕ್ರ ಬಿಚ್ಚಿ ಊರಿಗೆ ಹೋಗಿ ಬರಲು ಇದು ಆಗದು.

ಮೇಲಿನಿಂದ ತೂಗುಹಾಕುವುದು

ತೊಲೆ ಗಟ್ಟಿಯಿದ್ದರೆ ಇದು ಜಾಕಿಗಿಂತ ಒಳ್ಳೆಯ ದಾರಿ. ಎಂಜಿನ್ನಿನ ತಳವನ್ನು ಮುಟ್ಟುವ ತಲೆನೋವೇ ಇಲ್ಲ. 70 ಕೆಜಿ ನಿಂತ ಭಾರ. ಎಳೆದಾಡುವಾಗ ಅದು ದುಪ್ಪಟ್ಟಾಗಬಹುದು ಎಂದೇ ಲೆಕ್ಕ ಹಾಕಿ, ಇಬ್ಬರು ಜೋತುಬಿದ್ದರೂ ಅಲುಗದ ತೊಲೆ ಬೇಕು. ಚಾವಣಿಯ ಫ್ಯಾನ್ ಕೊಕ್ಕೆ, ಬಾಗಿಲ ಚೌಕಟ್ಟು, ಮಡಚುವ ಏಣಿ, ಇವು ಯಾವುವೂ ಲೆಕ್ಕಕ್ಕಿಲ್ಲ. ಏಣಿ ನೆಟ್ಟಗೆ ಬೀಳುವ ಭಾರಕ್ಕೆ ಮಾಡಿದ್ದು, ಬೈಕ್ ಪಕ್ಕಕ್ಕೆ ಎಳೆದರೆ ಕಾಲು ಅಗಲಿಸಿಬಿಡುತ್ತದೆ.

ಬೆಲ್ಟನ್ನು ಹ್ಯಾಂಡಲ್ ಬಾರಿಗೆ ಕಟ್ಟಬೇಡಿ. ಹಲವು ಬೈಕುಗಳಲ್ಲಿ ಹ್ಯಾಂಡಲ್ ರಬ್ಬರ್ ಬುಷ್‌ಗಳ ಮೇಲೆ ಕೂತಿರುತ್ತದೆ. ಕ್ಲಾಂಪಿನೊಳಗೆ ತಿರುಗಿಬಿಟ್ಟರೆ ಮುಂಭಾಗ ದಿಢೀರನೆ ಇಳಿಯುತ್ತದೆ. ಎರಡು ಫೋರ್ಕ್ ಕಾಲುಗಳನ್ನೂ ಹಿಡಿದಿರುವ ಕೆಳಗಿನ ಟ್ರಿಪಲ್ ಕ್ಲಾಂಪ್, ಅಂದರೆ ಮೆಕ್ಯಾನಿಕ್‌ಗಳ ಬಾಯಲ್ಲಿ ಟಿ-ಸ್ಟೆಮ್, ಅದಕ್ಕೆ ಎಡಕ್ಕೊಂದು ಬಲಕ್ಕೊಂದು ಬೆಲ್ಟ್ ಸುತ್ತಿ. ಬ್ರೇಕ್ ಹೋಸ್, ಕ್ಲಚ್ ಕೇಬಲ್, ವೈರಿನ ಕಟ್ಟು ಬೆಲ್ಟಿನಡಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ, ಬಣ್ಣ ಉಜ್ಜದಂತೆ ಬಟ್ಟೆ ಸುತ್ತಿ. ತೊಲೆಯ ಮೇಲೆ ಎರಡು ಬೆಲ್ಟುಗಳ ನಡುವೆ ಕನಿಷ್ಠ ಒಂದೂವರೆ ಅಡಿ ಅಂತರವಿರಲಿ. ಒಂದೇ ಬೆಲ್ಟಿನಲ್ಲಿ ತೂಗುವ ಬೈಕ್ ಹಿಂದಿನ ಟೈರಿನ ಮೇಲೆ ಹೊರಳಾಡುತ್ತದೆ. ಅಗಲಿಸಿ ಕಟ್ಟಿದ ಎರಡು ಬೆಲ್ಟುಗಳು ಅದನ್ನು ತಡೆಯುತ್ತವೆ. ಎರಡನ್ನೂ ಸರದಿಯಂತೆ ನಾಲ್ಕು ನಾಲ್ಕು ಹಲ್ಲು ಬಿಗಿಯುತ್ತಾ ಹೋಗಿ. ಎತ್ತಿದ ಮೇಲೆ ಎಂಜಿನ್ ಕೆಳಗೆ ಮರದ ಅಟ್ಟೆಯನ್ನು ಸ್ವಲ್ಪ ಸಂದು ಬಿಟ್ಟು ಇಡಿ, ಭಾರ ಹೊರಲಿಕ್ಕಲ್ಲ, ಬೆಲ್ಟ್ ಜಾರಿದರೆ ಹಿಡಿಯಲಿಕ್ಕೆ.

ಸ್ಟ್ಯಾಂಡ್ ಕೊಳ್ಳುವುದಾದರೆ

ಕೊಳ್ಳಬಹುದು. ಆದರೆ ಮುಂದಿನದನ್ನು ಮಾತ್ರ ಕೊಂಡರೆ ಹಣ ದಂಡ. ಮುಂದಿನ ಸ್ಟ್ಯಾಂಡ್ ಬೈಕನ್ನು ನೆಟ್ಟಗೆ ಹಿಡಿಯುವ ಸಾಧನವಲ್ಲ. ಹಿಂದಿನ ಸ್ಟ್ಯಾಂಡ್ ನೆಟ್ಟಗೆ ಹಿಡಿದ ಬೈಕಿನ ಮೂತಿ ಎತ್ತುವ ಸಾಧನ. ಏರಿಸುವಾಗ ಹಿಂದಿನದು ಮೊದಲು, ಇಳಿಸುವಾಗ ಮುಂದಿನದು ಮೊದಲು. ಈ ಕ್ರಮ ತಪ್ಪಿಸಿದರೆ ಬೈಕ್ ಬೀಳುತ್ತದೆ, ಎರಡು ಮಾತಿಲ್ಲ.

ಮುಂದಿನದರಲ್ಲಿ ಎರಡು ಬಗೆ. ಒಂದು ಫೋರ್ಕ್ ಕಾಲುಗಳ ಕೆಳತುದಿಗೆ ರಬ್ಬರ್ ಕಪ್ಪು (ಬಟ್ಟಲು) ಕೊಟ್ಟು ಎತ್ತುವುದು. ಇದರಲ್ಲಿ ಫೋರ್ಕ್ ಚಾಚುವುದಿಲ್ಲ, ಆದ್ದರಿಂದ ಕಡಿಮೆ ಎತ್ತಿದರೂ ಚಕ್ರ ನೆಲ ಬಿಡುತ್ತದೆ. ಆದರೆ ಫೋರ್ಕಿನ ತಳದಲ್ಲಿ ಕಪ್ಪು ಕೂರಲು ಜಾಗವಿರಬೇಕು. ಕ್ಯಾಲಿಪರ್, ಎಬಿಎಸ್ ವೈರ್ ಅಥವಾ ಮಡ್‌ಗಾರ್ಡಿನ ಕಾಲು ಅಡ್ಡ ಬಂದರೆ ಕಪ್ಪು ಅರ್ಧ ಕೂತು ಜಾರುತ್ತದೆ. ಇನ್ನೊಂದು, ಟಿ-ಸ್ಟೆಮ್ಮಿನ ತಳದಲ್ಲಿರುವ ರಂಧ್ರಕ್ಕೆ ಪಿನ್ ತೂರಿಸಿ ಎತ್ತುವ ಹೆಡ್ ಸ್ಟ್ಯಾಂಡ್. ಇದರಲ್ಲಿ ಚಕ್ರ ಮಾತ್ರವಲ್ಲ, ಫೋರ್ಕನ್ನೂ ಬಿಚ್ಚಬಹುದು. ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ ಇದೇ ಇರಲಿ. ಕೊಳ್ಳುವ ಮುಂಚೆ ಬೈಕಿನ ಕೆಳಗೆ ಮಲಗಿ ಆ ರಂಧ್ರ ಇದೆಯೇ, ತೆರೆದಿದೆಯೇ, ಹಾರ್ನ್ ಅಥವಾ ಬ್ರೇಕ್ ಹೋಸಿನ ಕವಲು ಅಡ್ಡವಿದೆಯೇ ನೋಡಿ, ವ್ಯಾಸವನ್ನು ವರ್ನಿಯರಿನಲ್ಲಿ ಅಳೆಯಿರಿ. ಪಿನ್ ರಂಧ್ರಕ್ಕಿಂತ ಒಂದು ಮಿ.ಮೀ. ಸಣ್ಣದಿದ್ದರೆ ಸಾಕು. ಅದಕ್ಕಿಂತ ಸಡಿಲವಾದರೆ ಬೈಕ್ ಪಿನ್ನಿನ ಮೇಲೆ ಓಲಾಡುತ್ತದೆ.

ಸೆಂಟರ್ ಸ್ಟ್ಯಾಂಡ್ ಇರುವವರಿಗೂ ಒಂದು ಮಾತು. ಅವರಿಗೆ ಅಗಲದ ಚಿಂತೆಯಿಲ್ಲ, ಮೂತಿ ಮೇಲೇಳಿಸಿ ಹಿಂದಿನ ಟೈರ್ ನೆಲಕ್ಕೂರಿಸಿದರೆ ಆಯಿತು. ಕ್ಯಾರಿಯರ್ ಅಥವಾ ಸೀಟಿನ ಹಿಂತುದಿಗೆ 25-30 ಕೆಜಿಯ ಮರಳಿನ ಚೀಲ ಕಟ್ಟಿದರೆ ಸಾಮಾನ್ಯವಾಗಿ ಅಷ್ಟರಲ್ಲೇ ಮುಂದಿನ ಚಕ್ರ ಏಳುತ್ತದೆ. ಚಕ್ರ ತೆಗೆದಾಗ ಮುಂದಿನಿಂದ ಹತ್ತು ಕೆಜಿಯ ಹತ್ತಿರ ಭಾರ ಹೋಗುವುದರಿಂದ ಬೈಕ್ ಹಿಂದಕ್ಕೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಚೀಲವನ್ನು ಮಾತ್ರ ಚಕ್ರ ಮರಳಿ ಹಾಕುವವರೆಗೆ ತೆಗೆಯಬಾರದು.

ಚಕ್ರ ಹೊರಬರುವ ಹೊತ್ತು

ಹ್ಯಾಂಡಲನ್ನು ನೇರಕ್ಕೆ ತಂದು ಎರಡೂ ಕಡೆ ಹಗ್ಗದಿಂದ ಫ್ರೇಮಿಗೆ ಕಟ್ಟಿ. ಸ್ಟೀರಿಂಗ್ ಲಾಕ್ ಹಾಕಿದರೆ ಅದು ಒಂದು ಪಕ್ಕಕ್ಕೇ ನಿಲ್ಲುತ್ತದೆ, ನಮಗೆ ಬೇಕಾದದ್ದು ಅದಲ್ಲ.

ಡಿಸ್ಕ್ ಬ್ರೇಕ್ ಆದರೆ ಕ್ಯಾಲಿಪರ್ ಬಿಚ್ಚಿ, ತಂತಿಯಿಂದ ಫೋರ್ಕಿಗೋ ಫ್ರೇಮಿಗೋ ತೂಗುಹಾಕಿ. ಬ್ರೇಕ್ ಹೋಸಿನಲ್ಲಿ ಅದು ಜೋತಾಡಬಾರದು. ಎರಡು ಪ್ಯಾಡುಗಳ ನಡುವೆ ಡಿಸ್ಕಿನಷ್ಟೇ ದಪ್ಪದ, ನಾಲ್ಕೈದು ಮಿ.ಮೀ.ಯ, ಮರದ ಚೂರು ಸಿಕ್ಕಿಸಿಡಿ. ಯಾರಾದರೂ ಮರೆತು ಬ್ರೇಕ್ ಲಿವರ್ ಒತ್ತಿದರೆ ಪಿಸ್ಟನ್ ಹೊರಬರುವುದನ್ನು ಆ ಚೂರು ತಡೆಯುತ್ತದೆ. ಬಂದೇಬಿಟ್ಟಿದ್ದರೆ ಫ್ಲೂಯಿಡ್ ಡಬ್ಬಿಯ ಮುಚ್ಚಳ ತೆಗೆದು, ಪ್ಯಾಡುಗಳನ್ನು ಮೆಲ್ಲಗೆ ಅಗಲಿಸಿ ಹಿಂದಕ್ಕೆ ದೂಡಿ. ಉಕ್ಕಿದ ಫ್ಲೂಯಿಡ್ ಬಣ್ಣವನ್ನು ತಿನ್ನುತ್ತದೆ, ಕೂಡಲೇ ನೀರಿನಿಂದ ತೊಳೆಯಿರಿ. ಎಬಿಎಸ್ ಇದ್ದರೆ ಸೆನ್ಸರಿನ ವೈರನ್ನು ಕ್ಲಿಪ್ಪುಗಳಿಂದ ಬಿಡಿಸಿ ಬದಿಗಿಡಿ. ಡ್ರಮ್ ಬ್ರೇಕ್ ಆದರೆ ಅಡ್ಜಸ್ಟರ್ ನಟ್ ತೆಗೆದು ಕೇಬಲ್ ಬಿಡಿಸಿ. ಸ್ಪೀಡೋಮೀಟರ್ ಕೇಬಲ್ ಇದ್ದರೆ ಅದನ್ನೂ.

ಎರಡೂ ಪಕ್ಕದ ಫೋಟೋ ತೆಗೆದಿಡಿ. ಚಕ್ರಕ್ಕೂ ಫೋರ್ಕಿಗೂ ನಡುವೆ ಕೂರುವ, ಬುಷ್ ಎಂದು ಕರೆಯುವ ಸ್ಪೇಸರ್‌ಗಳು ಎಡಕ್ಕೂ ಬಲಕ್ಕೂ ಒಂದೇ ಅಳತೆಯವಲ್ಲ, ಅದಲುಬದಲಾದರೆ ಡಿಸ್ಕ್ ಕ್ಯಾಲಿಪರಿನ ನಡುವಿಗೆ ಬರುವುದಿಲ್ಲ.

ನಟ್ ತೆಗೆದ ಮೇಲೆ ಆಕ್ಸಲ್ ಎಳೆದರೆ ಬರುವುದಿಲ್ಲ ಎಂದು ಸುತ್ತಿಗೆ ಎತ್ತಿಕೊಳ್ಳುವ ಮುಂಚೆ ಟೈರಿನ ಕೆಳಗೆ ಒಂದು ಹಲಗೆ ತೂರಿಸಿ, ಪಾದದಿಂದ ಅದರ ತುದಿ ಒತ್ತಿ ಚಕ್ರವನ್ನು ಕೂದಲೆಳೆಯಷ್ಟು ಎತ್ತಿ ನೋಡಿ. ಆಕ್ಸಲಿನ ಮೇಲೆ ಚಕ್ರದ ಭಾರ ಕೂತಿರುವುದರಿಂದಲೇ ಬಹಳ ಸಲ ಅದು ಬಿಗಿ. ಆಗಲೂ ಬಾರದಿದ್ದರೆ ಪ್ಲಾಸ್ಟಿಕ್ ಸುತ್ತಿಗೆ ಅಥವಾ ಮರದ ತುಂಡು ಅಡ್ಡವಿಟ್ಟು ಮೆಲ್ಲಗೆ ಹೊಡೆಯಿರಿ. ಕಬ್ಬಿಣದ ಸುತ್ತಿಗೆಯಲ್ಲಿ ಹೊಡೆದರೆ ಆಕ್ಸಲಿನ ತುದಿ ಅಣಬೆಯಂತೆ ಅರಳಿ, ಮತ್ತೆ ಬೇರಿಂಗಿನೊಳಗಿಂದ ಹಾಯುವುದೇ ಇಲ್ಲ. ಹೊರಬಂದ ಆಕ್ಸಲನ್ನು ಗಾಜಿನ ಮೇಲೆ ಉರುಳಿಸಿ ನೋಡಿ, ಬಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಚಕ್ರವನ್ನು ಕೆಳಗಿಡುವಾಗ ಡಿಸ್ಕ್ ಮೇಲ್ಮುಖವಾಗಿರಲಿ.

ಬೇರಿಂಗ್ ಹಾಕಿಸುವಾಗ ಎರಡೂ ಬದಿಯದನ್ನು ಒಟ್ಟಿಗೆ ಬದಲಿಸಿ, ಆಯಿಲ್ ಸೀಲನ್ನೂ. ಎರಡು ಬೇರಿಂಗುಗಳ ನಡುವೆ ಹಬ್ಬಿನೊಳಗೆ ಒಂದು ಉದ್ದನೆಯ ಕೊಳವೆ ಇರುತ್ತದೆ. ಅದನ್ನು ಹಾಕಲು ಮರೆತರೆ ಆಕ್ಸಲ್ ಬಿಗಿದಾಗ ಬೇರಿಂಗುಗಳು ಪಕ್ಕಕ್ಕೆ ಹಿಂಡಿ, ಹೊಸದೂ ಬೇಗ ಹಾಳಾಗುತ್ತದೆ. ಚಕ್ರ ವಾಪಸು ಪಡೆಯುವಾಗ ಹಬ್ಬಿನೊಳಗೆ ಬೆರಳು ತೂರಿಸಿ ಕೊಳವೆ ಇದೆಯೇ ನೋಡಿ. ಟೈರಿನ ಪಕ್ಕದ ಬಾಣದ ಗುರುತು ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗಿದೆಯೇ ಎಂಬುದನ್ನೂ.

ಮರಳಿ ಹಾಕುವಾಗ

ಆಕ್ಸಲ್ ಒರೆಸಿ ತೆಳುವಾಗಿ ಗ್ರೀಸ್ ಸವರಿ. ನಟ್ಟಿನ ಮರೆಗೆ (ಥ್ರೆಡ್‌ಗೆ) ಗ್ರೀಸ್ ಹತ್ತಿಸಬೇಡಿ, ಅದೇ ಟಾರ್ಕಿಗೆ (ತಿರುಚು ಬಲಕ್ಕೆ) ಹೆಚ್ಚು ಬಿಗಿದುಹೋಗುತ್ತದೆ. ಸ್ಪೀಡೋಮೀಟರ್ ಕೇಬಲನ್ನು ತಿರುಗಿಸುವ ಸ್ಪೀಡೋ ಗೇರ್ ಇದ್ದರೆ ಅದರ ಕಿವಿಗಳು ಹಬ್ಬಿನ ಕಚ್ಚುಗಳಲ್ಲಿ ಕೂತಿವೆಯೇ ನೋಡಿ. ಕೂರದೆ ಬಿಗಿದರೆ ಕಿವಿಗಳು ಜಜ್ಜಿಹೋಗುತ್ತವೆ, ಮುಳ್ಳು ಅಲ್ಲಾಡುವುದಿಲ್ಲ.

ಡ್ರಮ್ ಬ್ರೇಕಿನವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಬ್ರೇಕ್ ಪ್ಲೇಟಿನ ಮೇಲೊಂದು ಕಚ್ಚು, ಫೋರ್ಕ್ ಕಾಲಿನ ಮೇಲೊಂದು ಉಬ್ಬು ಇರುತ್ತದೆ. ಎರಡೂ ಒಂದರೊಳಗೊಂದು ಕೂರಬೇಕು. ಬ್ರೇಕ್ ಹಿಡಿದಾಗ ಪ್ಲೇಟ್ ಚಕ್ರದ ಜತೆ ತಿರುಗದಂತೆ ತಡೆಯುವುದು ಅದೊಂದೇ. ಕೂರಿಸದೆ ಹೊರಟರೆ ಮೊದಲ ಬ್ರೇಕಿಗೇ ಪ್ಲೇಟ್ ಸುತ್ತಿ ಕೇಬಲ್ ಕಿತ್ತು ಚಕ್ರ ಜಾಮ್ ಆಗುತ್ತದೆ.

ಕ್ಯಾಲಿಪರ್ ಕೂರಿಸಿ ಅದರ ಬೋಲ್ಟುಗಳನ್ನು ಕೈಬಿಗಿ ಮಾಡಿ, ಆಕ್ಸಲ್ ನಟ್ಟನ್ನು ಅರೆಬಿಗಿ ಮಾಡಿ, ಅಟ್ಟೆಗಳನ್ನು ತೆಗೆದು ಬೈಕ್ ಇಳಿಸಿ. ಕೊನೆಯ ಬಿಗಿತ ನೆಲದ ಮೇಲೆ. ಬೈಕಿನ ಕೈಪಿಡಿ ಪುಸ್ತಕದಲ್ಲಿ ಕೊಟ್ಟ ಟಾರ್ಕಿಗೆ ಆಕ್ಸಲ್ ಬಿಗಿದು, ಕ್ಯಾಲಿಪರ್ ಬೋಲ್ಟುಗಳನ್ನೂ ಬಿಗಿಯಿರಿ; ಅವಕ್ಕೆ ಸಾಮಾನ್ಯವಾಗಿ 25ರಿಂದ 40 ನ್ಯೂಟನ್ ಮೀಟರ್. ಈಗ ಲಿವರನ್ನು ಹಲವು ಸಲ ಒತ್ತಿ. ಮೊದಲೆರಡು ಒತ್ತು ಹ್ಯಾಂಡಲ್‌ವರೆಗೂ ಬರುತ್ತದೆ, ಏಕೆಂದರೆ ಪ್ಯಾಡುಗಳು ಡಿಸ್ಕಿನಿಂದ ದೂರ ಸರಿದಿವೆ. ಲಿವರ್ ಗಟ್ಟಿಯಾಗುವವರೆಗೆ ಬೈಕನ್ನು ಒಂದಡಿಯೂ ಉರುಳಿಸಬೇಡಿ. ನಂತರ ಬ್ರೇಕ್ ಹಿಡಿದು ಫೋರ್ಕನ್ನು ಐದಾರು ಸಲ ಜೋರಾಗಿ ಕುಗ್ಗಿಸಿ ಬಿಡಿ. ಆಕ್ಸಲಿನ ಮೇಲೆ ಜರುಗಬಲ್ಲ ಫೋರ್ಕ್ ಕಾಲು ತನ್ನ ಜಾಗಕ್ಕೆ ಬರುತ್ತದೆ. ಪಿಂಚ್ ಬೋಲ್ಟ್ ಬಿಗಿಯುವುದು ಇದಾದ ಮೇಲೇ, ಸುಮಾರು 20 ನ್ಯೂಟನ್ ಮೀಟರ್‌ಗೆ, ಎರಡಿದ್ದರೆ ಸರದಿಯಂತೆ. ಮೊದಲೇ ಬಿಗಿದರೆ ಎರಡು ಕಾಲುಗಳು ಸಮಾಂತರ ನಿಲ್ಲದೆ ಫೋರ್ಕ್ ಕಚ್ಚುತ್ತದೆ, ಸಣ್ಣ ಗುಂಡಿಗೂ ಕೈ ನೋಯುತ್ತದೆ. ಅತಿಯಾಗಿ ಬಿಗಿದರೆ ಎರಕದ ಕಿವಿ ಸೀಳುತ್ತದೆ; ಅದಕ್ಕೆ ರಿಪೇರಿಯಿಲ್ಲ, ಫೋರ್ಕಿನ ಕೆಳಕಾಲನ್ನೇ ಬದಲಿಸಬೇಕು.

ಕೊನೆಗೆ ಚಕ್ರ ಇನ್ನೊಮ್ಮೆ ನೆಲ ಬಿಡುವಷ್ಟು ಎತ್ತಿ ತಿರುಗಿಸಿ. ಪ್ಯಾಡ್ ಎಲ್ಲೋ ಸಣ್ಣಗೆ ಸವರುವ ಸದ್ದು ಸಹಜ, ಚಕ್ರ ಅರ್ಧ ಸುತ್ತಿಗೇ ನಿಂತರೆ ಸ್ಪೇಸರ್ ಅದಲುಬದಲಾಗಿರಬೇಕು. ಟೈರನ್ನು ಎಡಬಲಕ್ಕೆ ಅಲುಗಿಸಿ ನೋಡಿ, ಲೊಟಗುಟ್ಟಬಾರದು. ಹೊಸ ಟೈರಿನ ಮೈ ನುಣುಪಾಗಿರುತ್ತದೆ, ಮೊದಲ ನೂರು ಕಿಲೋಮೀಟರ್ ತಿರುವುಗಳಲ್ಲಿ ಬೈಕನ್ನು ಹೆಚ್ಚು ವಾಲಿಸದೆ ಓಡಿಸಿ. ಅಷ್ಟು ಓಡಿದ ಮೇಲೆ ಆಕ್ಸಲ್ ನಟ್ ಮತ್ತು ಕ್ಯಾಲಿಪರ್ ಬೋಲ್ಟುಗಳಿಗೆ ಟಾರ್ಕ್ ರೆಂಚ್ ಒಮ್ಮೆ ತಾಗಿಸಿ.